ಮೇರುಮಣಿ ದಾಟಿದ ಬೆರಳು

ಜಪಮಾಲೆ ಕೊಳ್ಳಲು ಬರುವವರೆಲ್ಲ ಮೊದಲು ನೋಡುವುದು ಬಣ್ಣವನ್ನು. ಈ ಅಂಗಿಗೆ ಹೊಂದುತ್ತದಾ, ಕೈಗೆ ಸುತ್ತಿಕೊಂಡರೆ ಚೆನ್ನಾಗಿ ಕಾಣುತ್ತದಾ ಎಂದು ಕನ್ನಡಿ ಕೇಳುತ್ತಾರೆ. ನಾನು ಅಂಗಡಿಯಲ್ಲಿ ಕನ್ನಡಿಯನ್ನೇ ಇಟ್ಟಿಲ್ಲ. ಧ್ಯಾನಕ್ಕೆ ಕೂತಾಗ ಕಣ್ಣು ಮುಚ್ಚಿರುತ್ತೆ ತಾನೆ, ಆಗ ಬಣ್ಣ ಕಟ್ಟಿಕೊಂಡು ಏನು ಮಾಡ್ತೀರಿ ಎಂದು ಮುಖಕ್ಕೆ ಹೊಡೆದಂತೆ ಕೇಳಿಬಿಡುತ್ತೇನೆ. ಕೆಲವರು ನಗುತ್ತಾರೆ. ಕೆಲವರು ಮುಖ ಊದಿಸಿಕೊಂಡು ಎದುರು ಸಾಲಿನ ಅಂಗಡಿಗೆ ಹೋಗುತ್ತಾರೆ. ಹೋಗಲಿ, ಅಲ್ಲಿ ಮೂರು ಕನ್ನಡಿ ಇವೆ.

ನಮ್ಮಲ್ಲಿ ಮಾಲೆ ಆರಿಸುವ ಕ್ರಮವೇ ಬೇರೆ. ನನ್ನ ಅತ್ತೆ ಈ ಅಂಗಡಿ ನೋಡಿಕೊಳ್ಳುತ್ತಿದ್ದ ಕಾಲದಿಂದ ನಡೆದುಬಂದದ್ದು. ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಮಾಲೆ ಕೈಗೆ ಕೊಡುವುದು. ಒಂದು ಉಸಿರಿಗೆ ಒಂದು ಮಣಿ ಸರಿಸಬೇಕು. ನೂರೆಂಟು ಮಣಿ ಮುಗಿದಾಗ ಒಂದು ದೊಡ್ಡ ಮಣಿ ಸಿಗುತ್ತದೆ, ಅದು ಮೇರುಮಣಿ. ಅದನ್ನು ದಾಟಬಾರದು. ಅಲ್ಲಿ ನಿಂತು, ಮಾಲೆಯನ್ನು ತಿರುಗಿಸಿಕೊಂಡು, ಬಂದ ದಾರಿಯಲ್ಲೇ ವಾಪಸ್ಸು ಹೋಗಬೇಕು. ಯಾರೂ ಹೇಳದೆ ಬೆರಳು ತಾನಾಗಿ ಮೇರುಮಣಿಯ ಮೇಲೆ ನಿಂತರೆ ಆ ಮಾಲೆ ನಿಮ್ಮದು. ಪೂರ್ತಿ ಸುತ್ತು ಹಾಕಿಸಿದರೆ ಅಂಗಡಿ ಬಾಗಿಲು ಹಾಕುವ ಹೊತ್ತಾಗುತ್ತದೆ, ಅದಕ್ಕೆ ನಾನು ಮೇರುಮಣಿಗಿಂತ ಸ್ವಲ್ಪ ಹಿಂದಿನಿಂದ ಶುರು ಮಾಡಿಸುತ್ತೇನೆ. ಮಣಿ ತೀರಾ ನುಣುಪಾದರೆ ಜಾರುತ್ತದೆ, ತೀರಾ ಚಿಕ್ಕದಾದರೆ ಒಂದರ ಬದಲು ಎರಡು ಸರಿಯುತ್ತವೆ, ಕಲ್ಲಿನದು ಕೆಲವರಿಗೆ ಭಾರ. ಅವೆಲ್ಲ ಕೈಗೆ ತಿಳಿಯುತ್ತವೆ, ಕಣ್ಣಿಗಲ್ಲ. ಆದರೆ ಮೇರುಮಣಿ ಬಂದದ್ದೇ ಗೊತ್ತಾಗದೆ ಅದನ್ನು ದಾಟಿಕೊಂಡು ಹೋದವರನ್ನು ನಾನು ನೋಡಿರಲಿಲ್ಲ. ನನ್ನ ಅತ್ತಿಗೆ ಬರುವವರೆಗೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ನನಗಿಂತ ಸ್ವಲ್ಪವೇ ದೊಡ್ಡವಳು, ಹಾಗಾಗಿ ಮೊದಲಿನಿಂದಲೂ ನಮ್ಮಲ್ಲಿ ಏಕವಚನದ ಸಲಿಗೆ, ಅದರ ಜೊತೆಗೆ ಏಕವಚನದ ಜಗಳವೂ. ನನ್ನ ನಾಲಿಗೆ ಉದ್ದ ಎಂದು ಮದುವೆಯಾಗಿ ಬಂದ ವಾರವೇ ಕಂಡುಹಿಡಿದು ನನಗೆ ಚಿನಕುರಳಿ ಎಂದು ಹೆಸರಿಟ್ಟವಳು. ಅವಳಿಗೂ ಒಂದು ಹೆಸರಿದೆ. ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ಅವಳದು ರಕ್ತ ತೆಗೆಯುವ ಕೆಲಸ. ಮಕ್ಕಳ ವಾರ್ಡಿನಲ್ಲಿ ಬೇರೆಯವರು ನರ ಸಿಗದೆ ಬೆವರು ಒರೆಸಿಕೊಳ್ಳುವಾಗ ಇವಳನ್ನು ಕರೆಯುತ್ತಾರೆ. ಇವಳು ಮಗುವಿನ ಹತ್ತಿರ ಏನೋ ಹರಟುತ್ತ, ಬೆರಳ ತುದಿಯಲ್ಲಿ ಮೊಣಕೈ ಮಡಿಕೆಯನ್ನು ಎರಡು ಸಲ ತಟ್ಟಿ, ಮಗುವಿಗೆ ಗೊತ್ತಾಗುವ ಮೊದಲೇ ಸೂಜಿ ಹಾಕಿ ತೆಗೆದಿರುತ್ತಾಳೆ. ಅದಕ್ಕೇ ಮಕ್ಕಳು ಅವಳನ್ನು ಸೊಳ್ಳೆ ಆಂಟಿ ಎನ್ನುತ್ತವೆ. ತಾಯಂದಿರು ಮಾತ್ರ ಆಕೆಯ ಕೈಗುಣ ಎನ್ನುತ್ತಾರೆ. ನಾನು ಎದುರಿಗೆ ಒಂದು ದಿನವೂ ಹೊಗಳಿಲ್ಲ, ಹಿಂದೆ ಮಾತ್ರ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ಹೋದ ವರ್ಷ ಅವಳಿಗೆ ಕ್ಯಾನ್ಸರ್ ಬಂತು. ಆಪರೇಷನ್ನು, ಕೀಮೋ ಎಲ್ಲ ಆಯಿತು. ಕೂದಲು ಹೋಯಿತು, ಮತ್ತೆ ಬಂತು. ಆ ನಡುವೆ ಆಸ್ಪತ್ರೆಯ ಹಿಂಭಾಗದ ಒಂದು ಕೋಣೆಯಲ್ಲಿ ಒಬ್ಬ ಬೌದ್ಧ ಸನ್ಯಾಸಿನಿ ಕಾಯಿಲೆಯವರಿಗೆ ಧ್ಯಾನ ಹೇಳಿಕೊಡುತ್ತಿದ್ದರು. ಅತ್ತಿಗೆ ಅಲ್ಲಿಗೆ ಹೋಗತೊಡಗಿದಳು. ದೇವರು ದಿಂಡರು ಎಂದರೆ ಮೂಗು ಮುರಿಯುತ್ತಿದ್ದವಳು ಅಲ್ಲಿಗೆ ಹೇಗೆ ಹೊಂದಿಕೊಂಡೆ ಎಂದು ಕೇಳಿದ್ದಕ್ಕೆ, ಇಬ್ಬರದೂ ಬೋಳುತಲೆ ಕಣೇ, ಅದಕ್ಕೇ ಹೊಂದ್ಕೊಳ್ತು ಎಂದಿದ್ದಳು. ಈಗ ರಿಪೋರ್ಟು ಚೆನ್ನಾಗಿತ್ತು. ಸೋಮವಾರದಿಂದ ಕೆಲಸಕ್ಕೆ ಹೋಗುವುದೆಂದು ತೀರ್ಮಾನವಾಗಿತ್ತು. ಅಣ್ಣನಂತೂ ಕೈಗೆ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು, ದಿನಕ್ಕೆ ಹತ್ತು ಕಟ್ಟಡ ಹತ್ತಿ ಇಳಿಯುತ್ತಾನೆ, ಎಲ್ಲ ಮಹಡಿಗೂ ಸುದ್ದಿ ಮುಟ್ಟಿತ್ತು.

ಆ ಗುರುವಾರ ಮಧ್ಯಾಹ್ನ ಅತ್ತಿಗೆ ಒಬ್ಬಳೇ ಅಂಗಡಿಗೆ ಬಂದಳು.

"ಮಾಲೆ ತಗೋಬೇಕು. ಅಮ್ಮನವರು ನೀನೇ ಹೋಗಿ ಆರಿಸ್ಕೋ ಅಂದ್ರು," ಎಂದಳು. ಅಮ್ಮನವರು ಎಂದರೆ ಆ ಸನ್ಯಾಸಿನಿ.

"ನಾನೇ ತಂದ್ಕೊಡ್ತಿದ್ನಲ್ಲ."

"ನೀನು ತರೋದಾದ್ರೆ ನಿನಗೆ ಹೊಂದೋದು ತರ್ತೀಯ. ಕೂರಿಸು, ಕಣ್ಣು ಮುಚ್ಚಿಸು, ಎಲ್ಲರಿಗೂ ಮಾಡೋ ಹಾಗೇ ಮಾಡು. ನೆಂಟಸ್ತಿಕೆ ಬೇಡ."

ಮಾತಿನಲ್ಲಿ ಎಂದಿನ ಬಿಗುವಿತ್ತು. ನಾನು ಟೀ ಮಾಡಿಕೊಟ್ಟೆ. ಲೋಟವನ್ನು ಎರಡೂ ಅಂಗೈ ನಡುವೆ ಹಿಡಿದು ಕುಡಿದಳು. ಚಳಿನಾ ಎಂದೆ, ಹೂಂ ಎಂದಳು. ಹೊರಗೆ ಬಿಸಿಲು ಸುಡುತ್ತಿತ್ತು. ಕಾಯಿಲೆಯಿಂದ ಎದ್ದವರಿಗೆ ಹಾಗಿರಬಹುದು ಎಂದುಕೊಂಡೆ.

ಮೊದಲು ಬೋಧಿಬೀಜದ ಮಾಲೆ ಕೊಟ್ಟೆ. ಧ್ಯಾನದವರಿಗೆ ಸಾಮಾನ್ಯವಾಗಿ ಒಗ್ಗುವುದು ಅದೇ. ಹಗುರ, ಬೆವರಿದ ಕೈಯಲ್ಲೂ ಜಾರುವುದಿಲ್ಲ. ಅತ್ತಿಗೆ ಬೆನ್ನು ನೆಟ್ಟಗೆ ಮಾಡಿ ಕಣ್ಣು ಮುಚ್ಚಿದಳು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮಾಲೆ ಇಟ್ಟುಕೊಂಡು ಸರಿಸತೊಡಗಿದಳು. ಉಸಿರು ಸರಿಯಾಗಿತ್ತು, ಮುಖ ಶಾಂತವಾಗಿತ್ತು. ಮಣಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಮೇರುಮಣಿ ಬಂತು. ಬೇರೆ ಮಣಿಗಿಂತ ಎರಡರಷ್ಟು ದೊಡ್ಡದು, ಕೆಳಗೆ ಕುಚ್ಚು ಬೇರೆ. ಅವಳ ಬೆರಳು ಅದನ್ನೂ ಸರಿಸಿ ಮುಂದಿನದಕ್ಕೆ ಹೋಯಿತು. ಅದರ ಮುಂದಿನದಕ್ಕೂ ಹೋಯಿತು.

ನನಗೆ ಪಿತ್ತ ನೆತ್ತಿಗೇರಿತು.

"ಮನಸ್ಸು ಎಲ್ಲಿ ಮೇಯೋಕೆ ಹೋಗಿದೆ? ಮೇರು ದಾಟ್ಬಿಟ್ಟೆ."

ಅತ್ತಿಗೆ ಕಣ್ಣು ಬಿಟ್ಟಳು. ಮಾಲೆಯನ್ನು ನೋಡಿದಳು. "ಹೌದಾ," ಎಂದಳು ಮೆಲ್ಲಗೆ. "ಇನ್ನೊಂದು ಕೊಡು."

ಮರದ್ದು ಕೊಟ್ಟೆ. ದಾಟಿದಳು. ಕಲ್ಲಿನದು ಕೊಟ್ಟೆ. ಅದರಲ್ಲಿ ಮೇರುಮಣಿಗಿಂತ ಮೊದಲೇ ನಿಂತು, ಇದೇ ಅಲ್ವಾ ಎಂದಳು. ಅದು ಸಾಮಾನ್ಯ ಮಣಿ. ಹೇಗಿದೆ ಎಂದರೆ ಪ್ರತಿಯೊಂದಕ್ಕೂ ಚೆನ್ನಾಗಿದೆ, ಚೆನ್ನಾಗಿದೆ ಎಂದು ಒಂದೇ ರಾಗ. ನನ್ನನ್ನು ಆಡಿಸಲು ಬಂದಿದ್ದಾಳೆ ಎಂದೇ ನನಗೆ ಅನ್ನಿಸಿತು. ನನ್ನ ಈ ಕಣ್ಣು ಮುಚ್ಚಿಸುವ ಪದ್ಧತಿಯನ್ನು ಅವಳು ಮೊದಲಿನಿಂದಲೂ ಕಣ್ಣಾಮುಚ್ಚಾಲೆ ಅಂಗಡಿ ಎಂದು ಗೇಲಿ ಮಾಡುತ್ತಿದ್ದವಳು.

"ನಿಂಗೆ ಬೇಡದಿದ್ರೆ ಬೇಡ ಅನ್ನು. ನನ್ನ ತಲೆ ತಿನ್ನಬೇಡ," ಎಂದು ಮಾಲೆಗಳನ್ನೆಲ್ಲ ಎತ್ತಿ ಕೊಕ್ಕೆಗೆ ತಗುಲಿಹಾಕಿದೆ. ನನ್ನ ಪಾಡಿಗೆ ನಾನು ಕೆಲಸಕ್ಕೆ ಕೂತೆ. ತಟ್ಟೆಯ ಮೇಲೆ ಹಾಸಿದ್ದ ಬಿಳಿ ಟವೆಲ್ಲಿನಲ್ಲಿ, ಬೆಳಿಗ್ಗೆ ಅರ್ಧ ಪೋಣಿಸಿಟ್ಟಿದ್ದ ಬಿಳಿ ಬೀಜದ ಮಾಲೆಯೊಂದಿತ್ತು.

ಅವಳಿಗೆ ಬೇಜಾರಾಗಿರಬೇಕು, ಅಥವಾ ಎದ್ದು ಹೋಗಲು ಮನಸ್ಸಿಲ್ಲದಿರಬೇಕು. ಸ್ಟೂಲನ್ನು ಹತ್ತಿರ ಎಳೆದುಕೊಂಡಳು.

"ಕೊಡಿಲ್ಲಿ, ನಾನು ಪೋಣಿಸ್ತೀನಿ. ಸೂಜಿ ನನಗೇನು ಹೊಸದಾ?"

ಕೊಟ್ಟೆ. ನಾನು ಕುಚ್ಚಿಗೆ ದಾರ ಸುತ್ತುತ್ತ ಕೂತೆ. ಅವಳು ಬೀಜಗಳನ್ನು ಒಂದೊಂದೇ ಎತ್ತಿ, ಕಣ್ಣಿಟ್ಟು ನೋಡಿ, ಸೂಜಿಗೆ ಏರಿಸುತ್ತ ಆ ಅಮ್ಮನವರ ಬಗ್ಗೆ ಹೇಳತೊಡಗಿದಳು. ಅವರ ಕೋಣೆಯಲ್ಲಿ ಎಷ್ಟು ಕುರ್ಚಿ ಹಾಕಿದರೂ ಸಾಲುವುದಿಲ್ಲವಂತೆ. ಒಂದು ದಿನ ಧ್ಯಾನದ ನಡುವೆ ಅವರಿಗೇ ನಿದ್ದೆ ಬಂದು ಗೊರಕೆ ಹೊಡೆದರಂತೆ. ಎದ್ದು, ನಿಮಗೆಲ್ಲ ಕೇಳಿಸಿಕೊಳ್ಳೋಕೆ ಒಂದು ಶಬ್ದ ಸಿಕ್ಕಿತಲ್ಲ ಎಂದರಂತೆ. ನನಗೆ ಸಿಟ್ಟಿದ್ದರೂ ನಗು ಬಂತು. ನಗುತ್ತ ತಲೆಯೆತ್ತಿದೆ.

ಟವೆಲ್ಲಿನ ಮೇಲೆ ಕೆಂಪು ಚುಕ್ಕೆಗಳಿದ್ದವು. ಪೋಣಿಸಿದ ಬಿಳಿ ಬೀಜಗಳಲ್ಲಿ ಕೆಲವು ಕೆಂಪಾಗಿದ್ದವು. ಸೂಜಿ ಅವಳ ಎಡಗೈಯ ತೋರುಬೆರಳ ತುದಿಗೆ ನೆಟ್ಟುಕೊಂಡಿತ್ತು. ಆ ಬೆರಳಿನಿಂದಲೇ ಮಣಿಯನ್ನು ಒತ್ತಿ ಹಿಡಿದು, ಅತ್ತಿಗೆ ಗೊರಕೆಯ ಕತೆಯನ್ನು ಮುಂದುವರಿಸಿದ್ದಳು.

"ಅತ್ತಿಗೆ," ಎಂದೆ. "ಕೈ."

ಅವಳು ಮೊದಲು ಬಲಗೈ ನೋಡಿಕೊಂಡಳು. ಆಮೇಲೆ ಎಡಗೈ.

ಸೂಜಿ ಎಳೆದು ತೆಗೆದೆ. ಹತ್ತಿ ಒತ್ತಿ ಹಿಡಿದೆ. ಊರಿನವರ ರಕ್ತವನ್ನೆಲ್ಲ ತೆಗೆದವಳಿಗೆ ತನ್ನ ರಕ್ತ ಸೋರುವುದು ತಿಳಿದಿರಲಿಲ್ಲ. ಮನಸ್ಸು ಮೇಯಲು ಹೋಗಿದೆಯಾ ಎಂದು ಬೈದಿದ್ದೆನಲ್ಲ, ಆ ಮಾತನ್ನು ನುಂಗಿಕೊಳ್ಳುವ ಹಾಗಿದ್ದರೆ ಆಗಲೇ ನುಂಗಿಕೊಳ್ಳುತ್ತಿದ್ದೆ.

"ಯಾವಾಗಿಂದ?"

"ಕೀಮೋ ಮುಗಿಯೋ ಹೊತ್ತಿಗೆ ಶುರುವಾಯ್ತು. ಮೊದಲು ಜುಮುಜುಮು ಅಂತಿತ್ತು. ಈಗ ಅದೂ ಇಲ್ಲ. ದಪ್ಪ ಕೈಗವಸು ಹಾಕ್ಕೊಂಡು ಮುಟ್ಟಿದ ಹಾಗೆ."

"ಡಾಕ್ಟರಿಗೆ ಹೇಳಿದ್ದೀಯಾ?"

"ಕಡಿಮೆ ಆಗ್ತಿದೆ ಅಂತ ಹೇಳಿದ್ದೀನಿ."

"ಸುಳ್ಳು."

"ಸುಳ್ಳೇ. ಕೆಲವರಿಗೆ ನಿಧಾನವಾಗಿ ಸರಿಹೋಗುತ್ತಂತೆ. ಕೆಲವರಿಗೆ ಹಾಗೇ ಉಳಿಯುತ್ತಂತೆ. ನಾನು ಯಾವ ಪಂಗಡಾನೋ ನಂಗೇನು ಗೊತ್ತು."

ಆಮೇಲೆ ಅವಳು ಬಂದ ಕಾರಣ ಹೇಳಿದಳು. ಮಾಲೆಗಾಗಿ ಬಂದದ್ದು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಈ ಸ್ಟೂಲಿಗಾಗಿ ಬಂದಿದ್ದಳು. ಕಣ್ಣು ಮುಚ್ಚಿ ಕೂತು, ಬೆರಳು ಮೇರುಮಣಿಯ ಮೇಲೆ ನಿಂತರೆ ಸೋಮವಾರ ಕೆಲಸಕ್ಕೆ ಹೋಗುವುದು ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡಿದ್ದಳು. ಬೇರೆಯವರು ಕನಿಕರಪಟ್ಟು ಪಾಸು ಮಾಡಿಬಿಡುತ್ತಾರೆ, ನೀನಾದರೆ ಮುಲಾಜು ನೋಡುವುದಿಲ್ಲ ಎಂದು ನನ್ನ ಹತ್ತಿರ ಬಂದಿದ್ದಳು.

"ದಾಟಿದೆಯಲ್ಲ," ಎಂದೆ. ಮುಲಾಜು ನೋಡದವಳು ಎಂದು ಹೆಸರು ಪಡೆದ ಮೇಲೆ ಬೇರೇನು ಹೇಳುವುದು?

"ಮಣಿ ಬೇರೆ, ನರ ಬೇರೆ ಕಣೇ. ಮಣಿ ಗಟ್ಟಿ. ನರ ಒತ್ತಿದ್ರೆ ಪುಟಿಯುತ್ತೆ. ಅದು ನನ್ನ ಕೈಗೆ ಅಭ್ಯಾಸ ಆಗಿಹೋಗಿದೆ. ಅಲ್ಲದೆ ಕಣ್ಣಿದೆಯಲ್ಲ, ನೋಡ್ಕೊಂಡು ತೆಗೀತೀನಿ."

"ದುಂಡು ಮಗುವಿನ ಕೈಯಲ್ಲಿ ನರ ಕಣ್ಣಿಗೆ ಕಾಣುತ್ತಾ? ಹೊಸ ಹುಡುಗೀರಿಗೆ ಏನಂತ ಹೇಳಿಕೊಡ್ತಿದ್ದೆ ನೀನು? ಕಣ್ಣನ್ನ ನಂಬಬೇಡಿ, ಬೆರಳನ್ನ ನಂಬಿ ಅಂತ ತಾನೆ?"

"ಗಾಯಕ್ಕೆ ಉಪ್ಪು ಸವರಬೇಡ."

"ಸವರ್ತೀನಿ. ಸೋಮವಾರ ಯಾರೋ ಮಗು ಕೈಯನ್ನ ಜಾಲಾಡ್ತೀಯಲ್ಲ, ಅದರ ತಾಯಿ ಸವರಲ್ಲ, ಪಾಪ, ನಿನ್ನ ಕೈಗುಣ ನಂಬ್ಕೊಂಡು ನಿಂತಿರ್ತಾಳೆ."

ಅತ್ತಿಗೆ ಆದರೂ ಹಠ ಬಿಡಲಿಲ್ಲ, ಮಣಿ ಬೇರೆ ನರ ಬೇರೆ ಎಂದೇ ಹೇಳಿದಳು. ನಾನು ಅಂಗಿಯ ತೋಳನ್ನು ಮೇಲಕ್ಕೆ ಮಡಚಿ ಕೈಯನ್ನು ತಟ್ಟೆಯ ಪಕ್ಕದಲ್ಲಿ ಚಾಚಿದೆ.

"ನೋಡೇಬಿಡೋಣ. ನನ್ನ ನರ ಹಗ್ಗದ ಹಾಗಿದೆ. ಕಣ್ಣು ಮುಚ್ಕೊಂಡು ಹುಡುಕು. ಸೂಜಿ ಬೇಡ, ಪೆನ್ನಲ್ಲಿ ಗುರುತು ಹಾಕು."

ಅವಳ ಬ್ಯಾಗಿನಲ್ಲಿ ರಬ್ಬರ್ ಪಟ್ಟಿ ಇತ್ತು. ರಜೆಯಲ್ಲಿದ್ದಷ್ಟು ದಿನವೂ ಇತ್ತಂತೆ. ನನ್ನ ತೋಳಿಗೆ ಅದನ್ನು ಬಿಗಿದಳು. ಆ ಬಿಗಿಯುವುದರಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ, ಕೈ ತನ್ನಷ್ಟಕ್ಕೇ ಓಡಿತು. ಮುಷ್ಟಿ ಕಟ್ಟು ಎಂದಳು, ಅದೂ ವಾರ್ಡಿನ ದನಿಯಲ್ಲೇ. ಮೊಣಕೈ ಮಡಿಕೆಯಲ್ಲಿ ನರ ಉಬ್ಬಿ ನಿಂತಿತು. ಅವಳು ಕಣ್ಣು ಮುಚ್ಚಿ ಬೆರಳಿಟ್ಟಳು. ತಟ್ಟಿದಳು. ಪಕ್ಕಕ್ಕೆ ಸರಿಸಿದಳು, ಮತ್ತೆ ಮೊದಲಿನ ಜಾಗಕ್ಕೆ ತಂದಳು. ನರದ ಮೇಲೇ ಬೆರಳು ಹೋಯಿತು, ನಾನು ನೋಡುತ್ತಿದ್ದೆ. ಅಲ್ಲೇ, ಅಲ್ಲೇ ಎಂದು ನಾಲಿಗೆ ತುದಿಗೆ ಬಂದಿತ್ತು. ಹಲ್ಲು ಕಚ್ಚಿಕೊಂಡೆ. ಬೆರಳು ಅದನ್ನು ದಾಟಿ ಹೊರಗೆ ಹೋಯಿತು. ಅಲ್ಲಿ ಬಲವಾಗಿ ಒತ್ತಿ, ತಲೆಯಾಡಿಸಿ, ಪೆನ್ನು ತೆಗೆದುಕೊಂಡು ಒಂದು ಚುಕ್ಕೆ ಇಟ್ಟಳು.

ಕಣ್ಣು ಬಿಟ್ಟು ನೋಡಿದಳು. ಚುಕ್ಕೆ ಮೂಳೆಯ ಹತ್ತಿರ ಇತ್ತು.

ಆಮೇಲೆ ರಬ್ಬರ್ ಪಟ್ಟಿ ಬಿಚ್ಚಿ, ಮಡಚಿ, ಬ್ಯಾಗಿಗೆ ಹಾಕದೆ ನನ್ನ ತಟ್ಟೆಯ ಮೇಲಿಟ್ಟಳು. ನನಗೆ ಅಳು ಬಂತು. ಅವಳ ಮುಂದೆ ಅಳಬಾರದೆಂದು ಒಳಗೆ ಹೋಗಿ ಲೋಟ ತೊಳೆದೆ. ತೊಳೆದ ಲೋಟವನ್ನೇ ಮತ್ತೆ ತೊಳೆದೆ.

ವಾಪಸ್ಸು ಬಂದಾಗ ಅತ್ತಿಗೆ ಮೂಗು ಒರೆಸಿಕೊಂಡು ಕೂತಿದ್ದಳು.

"ಸೋಮವಾರ ಹೋಗ್ತೀನಿ," ಎಂದಳು. "ಸೂಜಿ ಹಿಡಿಯೋಕಲ್ಲ, ಹೇಳೋಕೆ. ಬೇರೆ ಕೆಲಸ ಕೊಟ್ರೆ ಕೊಟ್ರು, ಇಲ್ಲಾಂದ್ರೆ ಇಲ್ಲ. ಅವರಿಗೆ ಹೇಳೋದು ಕಷ್ಟ ಅಲ್ಲ. ನಿಮ್ಮಣ್ಣಂಗೆ ಹೇಳ್ಬೇಕಲ್ಲ, ಅದು ಕಷ್ಟ. ಪಾಪ, ಕುಣೀತಿದ್ದಾರೆ."

"ನಾನು ಹೇಳ್ಲಾ?"

"ನೀನು ಬಾಯಿಗೆ ಬೀಗ ಹಾಕ್ಕೋ. ನನ್ನ ಗಂಡ, ನಾನೇ ಹೇಳ್ತೀನಿ. ಈಗ ನಂಗೊಂದು ಮಾಲೆ ಕೊಡು. ಇದ್ದದ್ರಲ್ಲಿ ಒರಟಾದ್ದು."

ಅಂಥದ್ದೊಂದು ನನ್ನಲ್ಲಿತ್ತು. ಮೇಲಿನ ಕಪಾಟಿನಲ್ಲಿ, ವರ್ಷಗಟ್ಟಲೆಯಿಂದ ಯಾರೂ ಮೂಸಿ ನೋಡದ ಡಬ್ಬಿಯಲ್ಲಿ. ನೆಲ್ಲಿಕಾಯಿ ಗಾತ್ರದ ಕಾಡುಬೀಜಗಳು, ಮೈಯೆಲ್ಲ ಉಬ್ಬು ತಗ್ಗು. ಚರ್ಮ ಕೆರೆಯುತ್ತದೆ, ಕೈಗೆ ಸುತ್ತಿಕೊಳ್ಳಲು ಬಾರದು ಎಂದು ಎಲ್ಲರೂ ತಿರಸ್ಕರಿಸಿದ್ದು. ಮಣಿ ಮಣಿಯ ನಡುವೆ ದಪ್ಪ ಗಂಟು ಹಾಕಿದ್ದೆ. ಮೇರುಮಣಿಯನ್ನು ಬಿಚ್ಚಿ, ಅದರ ಜಾಗಕ್ಕೆ ನುಣ್ಣಗೆ ತಿಕ್ಕಿದ ಚೌಕದ ಮರದ ತುಂಡೊಂದನ್ನು ಕಟ್ಟಿದೆ. ಒರಟಿನ ನಡುವೆ ಅದೊಂದು ನುಣುಪಾಗಿದ್ದರೆ ತಿಳಿಯಬಹುದು ಎಂದು.

ಬೆರಳ ತುದಿಯಲ್ಲಿ ಅದೂ ತಿಳಿಯಲಿಲ್ಲ. ಅತ್ತಿಗೆ ಕಣ್ಣು ಮುಚ್ಚಿಕೊಂಡೇ ಇಲ್ಲ ಎಂದು ತಲೆಯಾಡಿಸಿದಳು. ನಾನು ಮಾಲೆಯನ್ನು ಅವಳ ಬೆರಳ ಮೇಲೆ ಸ್ವಲ್ಪ ಹಿಂದಕ್ಕೆ ತಳ್ಳಿದೆ, ಮೊದಲ ಗೆಣ್ಣಿನ ಹತ್ತಿರಕ್ಕೆ. ಇಲ್ಲ ಎಂದಳು. ಇನ್ನೂ ಹಿಂದಕ್ಕೆ, ಬೆರಳು ಅಂಗೈಗೆ ಸೇರುವ ಬುಡಕ್ಕೆ ತಂದೆ.

"ಇಲ್ಲಿ ಏನೋ ಇದೆ," ಎಂದಳು.

"ಅಲ್ಲೇ ಇಟ್ಕೊಂಡು ಸರಿಸು. ಹೆಬ್ಬೆರಳ ಬುಡದಿಂದ ಎಳ್ಕೋ."

"ಹೀಗೆ ಹಿಡೀಬಹುದಾ? ಅಮ್ಮನವರು ಏನಂತಾರೋ."

"ಗೊರಕೆ ಹೊಡೆದೋರು ಏನು ಅಂತಾರೆ, ಸುಮ್ನೆ ಸರಿಸು."

ಸರಿಸಿದಳು. ಸೊಬಗೇನೂ ಇರಲಿಲ್ಲ, ಬಾವಿ ಹಗ್ಗ ಎಳೆದ ಹಾಗಿತ್ತು. ಒಂದು ಉಸಿರು, ಒಂದು ಮಣಿ, ಗಂಟು. ಚೌಕದ ತುಂಡು ಹತ್ತಿರ ಬರುತ್ತಿತ್ತು. ಅದು ಅವಳ ಬೆರಳ ಬುಡಕ್ಕೆ ಬಂತು. ಕೈ ನಿಂತಿತು. ಅವಳು ಅದನ್ನು ಎರಡು ಸಲ ಒತ್ತಿ ನೋಡಿ, ಮಾಲೆಯನ್ನು ತಿರುಗಿಸಿಕೊಂಡು, ಬಂದ ದಾರಿಯಲ್ಲೇ ವಾಪಸ್ಸು ಹೊರಟಳು.

ಸಂಜೆ ಅಣ್ಣ ಅವಳನ್ನು ಕರೆದೊಯ್ಯಲು ಬಂದ. ಕೈಯಲ್ಲಿ ಗ್ರೀಸಿನ ವಾಸನೆ, ಕಂಕುಳಲ್ಲಿ ಒಂದು ಡಬ್ಬ. ಬಾಗಿಲಲ್ಲೇ ಅದನ್ನು ಬಿಚ್ಚಿ ತೋರಿಸಿದ. ಬಿಳಿ ಶೂಗಳು.

"ಸೋಮವಾರಕ್ಕೆ. ಇಡೀ ದಿನ ನಿಂತ್ರೂ ಕಾಲು ನೋಯಲ್ವಂತೆ," ಎಂದ. ಆಮೇಲೆ ಅವಳ ಕೈಯಲ್ಲಿದ್ದ ಮಾಲೆ ನೋಡಿ ನನ್ನ ಕಡೆ ತಿರುಗಿದ. "ಏನೇ ಇದು ಚಿನಕುರಳಿ, ನಿನ್ನ ಅತ್ತಿಗೆಗೆ ಕೊಡೋಕೆ ಇದೇ ಸಿಕ್ತಾ? ಮೈ ಉಜ್ಜೋಕೆ ಆಗುತ್ತೆ ಅಷ್ಟೆ. ನಾಜೂಕಾಗಿರೋದು ಒಂದೂ ಇರ್ಲಿಲ್ವಾ?"

ಬಾಯಿಗೆ ಬೀಗ ಹಾಕಿಕೊಂಡಿದ್ದೆನಾದ್ದರಿಂದ ಸುಮ್ಮನಿದ್ದೆ. ನಾನು ತಿರುಗಿ ಬೈಯದ್ದು ನೋಡಿಯೇ ಅಣ್ಣನಿಗೆ ಏನೋ ಅನುಮಾನ ಬಂದಿರಬೇಕು. ನನ್ನ ಮುಖ, ಅತ್ತಿಗೆಯ ಮುಖ ಎರಡನ್ನೂ ನೋಡಿದ.

"ಇದು ಗೊತ್ತಾಗುತ್ತೆ ರೀ," ಎಂದಳು ಅತ್ತಿಗೆ. "ಬೇರೆ ಯಾವುದೂ ಗೊತ್ತಾಗ್ತಿಲ್ಲ. ಬೆರಳಲ್ಲಿ ಸ್ಪರ್ಶ ಇಲ್ಲ. ಬಹಳ ದಿನ ಆಯ್ತು. ನಿಮಗೆ ಹೇಳಿರ್ಲಿಲ್ಲ. ಸೋಮವಾರ ನಾನು ಸೂಜಿ ಹಿಡಿಯಲ್ಲ."

ಅಣ್ಣ ಮಾತಿನ ಮಲ್ಲ. ಲಿಫ್ಟ್ ನಡುವೆ ಸಿಕ್ಕಿಕೊಂಡವರ ಜೊತೆ ಬಾಗಿಲ ಸಂದಿಯಿಂದಲೇ ಹರಟೆ ಹೊಡೆದು ಧೈರ್ಯ ತುಂಬುವವನು. ಈಗ ಶೂ ಡಬ್ಬವನ್ನು ನೆಲದ ಮೇಲಿಟ್ಟ. ಪ್ಯಾಂಟಿಗೆ ಕೈ ಒರೆಸಿಕೊಂಡು, ಸ್ಟೂಲಿನ ಮುಂದೆ ಮಂಡಿಯೂರಿ ಕೂತು, ಅವಳ ಬಲಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಅವಳು ತಾನಾಗಿಯೇ ಕಣ್ಣು ಮುಚ್ಚಿದಳು. ಅವನು ತೋರುಬೆರಳ ತುದಿಯನ್ನು ಒತ್ತಿದ.

"ಇದು?"

"ಇಲ್ಲ."

ನಡುಬೆರಳ ತುದಿ ಒತ್ತಿದ.

"ಇದು?"

"ಅಲ್ಲೂ ಇಲ್ಲ."

ಹಾಗೇ ಕಿರುಬೆರಳವರೆಗೆ ಹೋದ. ಎಲ್ಲದಕ್ಕೂ ಇಲ್ಲ ಎಂದಳು. ಅವನು ತುದಿ ಬಿಟ್ಟು ಗೆಣ್ಣಿಗೆ ಇಳಿದ. ಅವಸರ ಮಾಡಲಿಲ್ಲ. ಇಲ್ಲ ಎಂದಾಗಲೆಲ್ಲ ಹೂಂ ಎನ್ನುತ್ತ ಇನ್ನಷ್ಟು ಕೆಳಗೆ ಬಂದ. ಕೊನೆಗೆ ಹೆಬ್ಬೆರಳನ್ನು ಅವಳ ಅಂಗೈ ನಡುವೆ ಇಟ್ಟು ಒತ್ತಿದ.

"ಇಲ್ಲಿ?"

"ಹೂಂ," ಎಂದಳು ಅತ್ತಿಗೆ. "ಅಲ್ಲಿ ಗೊತ್ತಾಗ್ತಿದೆ."

ಅಣ್ಣ ಅಲ್ಲೇ ಹಿಡಿದುಕೊಂಡ. ನಾನು ಶೂ ಡಬ್ಬವನ್ನು ದಾರಿಗೆ ಅಡ್ಡವಾಗದಂತೆ ಗೋಡೆಯ ಪಕ್ಕಕ್ಕೆ ಸರಿಸಿಟ್ಟೆ.